ಬಣ್ಣ ತುಂಬದ ಬಾಂಬು

ಎಂಬತ್ತರ ದಶಕದ ಕೊನೆಯಲ್ಲಿ ನೈರೋಬಿಯ ಹರ್ಲಿಂಗ್‌ಹ್ಯಾಮಿನಲ್ಲಿ ನನ್ನ ಹಲ್ಲು ನೋಡುತ್ತಿದ್ದ ಮಂಗಳೂರಿನ ಡಾಕ್ಟರಿಗೆ ಒಂದು ಹುಚ್ಚಿತ್ತು. ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು ಬೆನ್ನಿನ ಕಡೆ ಚಿತ್ರ ಬರೆಸಿ ತೊಡುತ್ತಿದ್ದ ಚರ್ಮದ ಜಾಕೆಟ್‌ಗಳನ್ನು ಅವರು ಕೂಡಿಡುತ್ತಿದ್ದರು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅಂಥ ಏಳು ತೂಗುತ್ತಿದ್ದವು. ನಾನು ಬೆರಳು ಚಾಚಿದರೆ ಸಾಕು, “ಬಣ್ಣ ಮುಟ್ಬೇಡಿ ಮಾರಾಯ್ರೆ” ಎನ್ನುತ್ತಿದ್ದರು. ಹಳೆಯ ಚಿತ್ರಕ್ಕೆ ಹೊಸ ಬಣ್ಣ ಬಳಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಗಿಕೊಂಬಾ ಸಂತೆಯ ಹಳೇ ಬಟ್ಟೆಯ ರಾಶಿಯಲ್ಲಿ ಸಿಕ್ಕಿದ್ದ ಜಾಕೆಟ್ಟೊಂದರ ಮೇಲೆ ಪುಟ್ಟ ಹಳದಿ ಬಾಂಬುಗಳ ಸಾಲಿತ್ತು. ಒಂದೊಂದು ದಾಳಿಗೆ ಒಂದೊಂದು. ಕೊನೆಯದಕ್ಕೆ ಮಾತ್ರ ಬರೀ ಗೆರೆ, ಒಳಗೆ ಬಣ್ಣವಿಲ್ಲ.

“ಈ ಜಾಕೆಟ್ಟಿನವ ದಾಳಿಗೆ ಹೋಗುವ ಮೊದಲು ಗೆರೆ ಎಳೀತಿದ್ದ ಅಂತ ಕಾಣ್ತದೆ. ಬಂದ ಮೇಲೆ ಬಣ್ಣ” ಎಂದರು ಡಾಕ್ಟರು.

“ಕೊನೇ ಸಲ ಅವನು ವಾಪಸ್ ಬರ್ಲಿಲ್ಲ ಅಂದ್ರೆ ಜಾಕೆಟ್ ಹೇಗೆ ಉಳೀತು?”

“ಅವತ್ತು ಬಿಟ್ಟು ಹೋಗಿರ್ಬೇಕು. ಉಳಿದ ಆರನ್ನು ಬೇಕಾದ್ರೆ ಕೊಟ್ಟೇನು, ಇದನ್ನು ಕೊಡ್ಲಿಕ್ಕಿಲ್ಲ.”

ಮುಂದಿನ ತಿಂಗಳು ಹೋದಾಗ ಆ ಕೊನೆಯ ಬಾಂಬಿನ ತುಂಬ ಹಳದಿ ಹೊಳೆಯುತ್ತಿತ್ತು.

“ಯಾರು ಡಾಕ್ಟ್ರೇ ಈ ಕೆಲಸ ಮಾಡಿದ್ದು?” ನನ್ನ ದನಿ ಏರಿತ್ತು.

ಹಲ್ಲಿನ ಕುಳಿಗಳನ್ನು ಅಷ್ಟು ನಾಜೂಕಾಗಿ ತುಂಬುತ್ತಿದ್ದ ಅವರ ಬೆರಳಿನ ಉಗುರಂಚಿನಲ್ಲಿ ಅದೇ ಹಳದಿಯಿತ್ತು.

“ಅವ ಬಂದ ಅಂತ ಇಟ್ಕೊಳ್ಳುವ” ಎಂದರು.

ನಂಬಲಾಗದೆ ಬೆರಳು ಚಾಚಿದೆ.

“ಬಣ್ಣ ಮುಟ್ಬೇಡಿ ಮಾರಾಯ್ರೆ. ಇನ್ನೂ ಒಣಗ್ಲಿಲ್ಲ.”