ದಿವಾನಜಿಯವರ ಪಾಸ್‌ಪೋರ್ಟಿಗೊಂದು ಅಂಗಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜೀವಮಾನದಲ್ಲಿ ಒಂದೇ ಸಲ ಪರದೇಶಕ್ಕೆ ಹೋದವನು ನಾನು. ನನ್ನಿಂದಾಗಿ ಆ ಪ್ರವಾಸ ತಪ್ಪಿಸಿಕೊಂಡ ಮನುಷ್ಯನಿಗೆ ಅಲ್ಲಿಂದ ಉಡುಗೊರೆಯೆಂದು ಏನು ತಂದೆ ಗೊತ್ತೇ? ಪಾಸ್‌ಪೋರ್ಟ್ ಇಡುವ ಕವರ್. ಮೇಲೆ ಬಂಗಾರದ ಬಣ್ಣದ ಅಕ್ಷರಗಳಲ್ಲಿ ಅವರ ಹೆಸರು, ಹೆಸರಿನ ಬದಿಗೆ ಪುಟ್ಟದೊಂದು ಹಿತ್ತಾಳೆಯ ವಿಮಾನ. ಆ ವಿಮಾನಕ್ಕೆ ಬೇರೆ ದುಡ್ಡು ಕೊಟ್ಟಿದ್ದೆ. ಹಲ್ಲಿಲ್ಲದವರಿಗೆ ಚಕ್ಕುಲಿ ಕೊಟ್ಟು, ‘ಗರಿಗರಿ ಐತಿ ನೋಡ್ರಿ’ ಎಂದು ಮುಖ ನೋಡುತ್ತ ನಿಲ್ಲುವಂಥ ಜಾಣ ನಾನು.

ಹೋದ ವಾರ ಅಟ್ಟದ ಮೇಲಿನ ಸೂಟ್‌ಕೇಸ್ ಇಳಿಸಿ ತೆರೆದಾಗ ಗಪ್ಪನೆ ರೆಕ್ಸಿನ್ ವಾಸನೆ ಬಂತು. ಬಿಸಿಲಿಗಿಟ್ಟ ಹೊಸ ಸಾಲಿಚೀಲದ ವಾಸನೆಯಂಥದ್ದು. ಒಳಗೆ ನನ್ನ ಹೆಸರಿನದೇ ಇನ್ನೊಂದು ಕವರ್ ಇತ್ತು. ಎರಡು ಕೊಂಡರೆ ಅಗ್ಗ ಎಂದಿದ್ದಳು ಮಾರುವವಳು. ಆ ವಾಸನೆಗೆ ದಿವಾನಜಿ ಎದುರು ಬಂದು ಕೂತಂತಾಯಿತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಬೆವರಿಗೆ ಅಳಿಸಿದ ವಿಭೂತಿ...

ದಿವಾನಜಿ ಎಂದರೆ ಬೆಳಗಾವಿಯ ರವಿವಾರ ಪೇಟೆಯ ನಮ್ಮ ಮಾಮಾನ ಬಣ್ಣದ ಅಂಗಡಿಯಲ್ಲಿ ಲೆಕ್ಕ ನೋಡುತ್ತಿದ್ದವರು. ನಾನು ಹುಟ್ಟುವುದಕ್ಕೂ ಮುಂಚಿನಿಂದ ಅಲ್ಲಿದ್ದರು. ಖಾನಾಪುರದ ಆಚೆ ಗುಂಜಿಯಿಂದ ದಿನಾಲೂ ರೈಲಿನಲ್ಲಿ ಬಂದು, ಸಂಜೆ ರೈಲಿನಲ್ಲೇ ಮರಳುತ್ತಿದ್ದರು. ನಾನೂ ಅದೇ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕೆಲಸವೆಂದರೆ, ಗಿರಾಕಿ ಚೌಕಾಶಿ ಮಾಡುವುದನ್ನು ಮರೆಯುವವರೆಗೆ ಅವನನ್ನು ನಗಿಸುವುದು. ಡಬ್ಬಿ ಎತ್ತುವುದರಲ್ಲಿ ನನಗೆ ಅಷ್ಟು ಆಸಕ್ತಿ ಇರಲಿಲ್ಲ.

ದಿವಾನಜಿಯವರಿಗೊಂದು ಹುಚ್ಚಿತ್ತು. ಎಲ್ಲಿಗೆ ಹೋದರೂ ಬರಿಗೈಯಲ್ಲಿ ಬರುತ್ತಿರಲಿಲ್ಲ. ಕೊಲ್ಹಾಪುರಕ್ಕೆ ಹೋದರೆ ಹಮಾಲರಿಗೆ ಬೆಲ್ಲ, ಪಂಢರಪುರಕ್ಕೆ ಹೋದರೆ ನನ್ನವ್ವನಿಗೆ ಕುಂಕುಮ, ಗೋವಾದ ಕಡೆ ಮದುವೆಗೆ ಹೋದರೆ ಮಾಮಾನಿಗೆ ಗೋಡಂಬಿ. ಗೊಂಬೆ, ಫೋಟೋ, ಊರ ಹೆಸರು ಬರೆದ ಸಾಮಾನು ಎಂದೂ ತಂದವರಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

‘ಮುಗಿಯುವಂಥಾದ್ದು ತರಬೇಕು ತಮ್ಮಾ. ತಿಂದು ಮುಗೀಬೇಕು, ಹಚಗೊಂಡು ಮುಗೀಬೇಕು. ಮುಗದ ಮ್ಯಾಲ ತಂದವರ ನೆನಪಾಗತದ. ಉಳದದ್ದು ಧೂಳ ತಿನ್ನತದ, ಆಮ್ಯಾಲ ಮನ್ಯಾಗ ಯಾರಿಗಿ ಒರಸಾಕ ಹಚ್ಚೂದು ಅಂತ ಜಗಳ.’

ಬಣ್ಣದ ಕಂಪನಿಯವರದೊಂದು ಪದ್ಧತಿ. ವರ್ಷವಿಡೀ ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ವಿಮಾನದಲ್ಲಿ ಹೊರದೇಶಕ್ಕೆ ಕರೆದೊಯ್ದು, ನಾಲ್ಕಾರು ದಿನ ಮೆರೆಸಿ ತರುತ್ತಾರೆ. ಆ ವರ್ಷ ಬ್ಯಾಂಕಾಕ್. ಮಾಮಾನ ಮೊಣಕಾಲಿಗೆ ಆಗಷ್ಟೇ ಆಪರೇಷನ್ ಆಗಿತ್ತು. ದೊಡ್ಡ ಮನಸ್ಸು ಮಾಡುವುದಾದರೆ ನಾಲ್ಕು ಜನರೆದುರೇ ಮಾಡುವ ಮನುಷ್ಯ ಅವನು. ಅಂಗಡಿ ತುಂಬ ಗಿರಾಕಿಗಳಿದ್ದಾಗ ಕೂಗಿ ಹೇಳಿದ.

‘ದಿವಾನಜಿ, ಈ ಸಲ ನೀವ ಹೋಗಿ ಬರ್ರಿ. ಈ ಅಂಗಡಿ ಸಲುವಾಗಿ ಜೀವಾ ತೇದೀರಿ.’

ಅವತ್ತು ದಿವಾನಜಿ ಒಬ್ಬ ಗಿರಾಕಿಗೆ ಎರಡು ಸಲ ಚಿಲ್ಲರೆ ಕೊಟ್ಟರು.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಯಿತು. ವಿಚಾರಣೆಗೆಂದು ಪೊಲೀಸಿನವನು ಗುಂಜಿಗೆ ಹೋದಾಗ ಓಣಿಯ ಜನ, ‘ಇಂಥಾ ಮನಿಷ್ಯಾ ಏನ್ ಮಾಡ್ಯಾನ್ರೀ?’ ಎಂದು ಗಾಬರಿಯಾದರಂತೆ. ಸಂಗತಿ ತಿಳಿದ ಮೇಲೆ ಗಾಬರಿಯೆಲ್ಲ ಹಬ್ಬವಾಯಿತು. ನಮ್ಮ ಕಡೆ ಒಬ್ಬರಿಗೆ ಸ್ವಲ್ಪ ಒಳ್ಳೆಯದಾದರೆ ಸಾಕು, ಸತ್ಕಾರ ಮಾಡದೆ ಬಿಡುವುದಿಲ್ಲ. ಗುಡಿಯ ಮುಂದೆ ಶಾಲು, ಹಾರ, ತೆಂಗಿನಕಾಯಿ. ಸ್ಟೇಷನ್ ರಸ್ತೆಗೆ ಫ್ಲೆಕ್ಸ್. ಅದರಲ್ಲಿ ದಿವಾನಜಿಯವರ ಗಾಬರಿಗೊಂಡ ಫೋಟೋ, ಹಿಂದೆ ಊರಿಗಿಂತ ದೊಡ್ಡದೊಂದು ವಿಮಾನ, ಕೆಳಗೆ ಶುಭ ಕೋರಿದವರ ಮೂವತ್ತೋ ನಲವತ್ತೋ ಮುಖ. ಅಂಗಡಿಯ ಪರವಾಗಿ ನಾನು ಹೋಗಿದ್ದೆ. ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದವರು, ನನ್ನ ತಾಟಿಗೆ ಮತ್ತೆ ಮತ್ತೆ ಶಿರಾ ಹಾಕಿದರು. ‘ತಗೋ ತಮ್ಮಾ, ನಾಚಬ್ಯಾಡ. ನಿಮ್ಮ ಮಾಮಾನ ಪುಣ್ಯೆ ಇದು.’

ರೈಲಿನಲ್ಲಿ ದಿನಾ ಜೊತೆಗೂಡುವ ಗೆಳೆಯರಂತೂ ಆಗಲೇ ಬೇಡಿಕೆ ಇಟ್ಟಿದ್ದರು. ಒಬ್ಬರಿಗೆ ಕೊಡೆ, ಒಬ್ಬರಿಗೆ ಸೊಂಟನೋವಿನ ಮುಲಾಮು, ಒಬ್ಬರಿಗೆ ‘ಏನರ ತರ್ರಿ, ಖರೇ ಫಾರಿನ್ನಿಂದ ಇರಬೇಕು.’

ಇದೆಲ್ಲದರ ನಡುವೆ ನನ್ನ ಲಗ್ನದ ಮಾತು ಬಂತು. ಬೈಲಹೊಂಗಲದ ಕಡೆಯಿಂದ ಒಂದು ಸಂಬಂಧ. ಮಧ್ಯಸ್ಥಗಾರ ಅವ್ವನನ್ನು ಕೇಳಿದನಂತೆ, ಹುಡುಗ ಫಾರಿನ್ ನೋಡ್ಯಾನೇನು ಎಂದು. ಹುಡುಗ ಅಲ್ಲಿಯವರೆಗೆ ಪುಣೆಯನ್ನೂ ಸರಿಯಾಗಿ ನೋಡಿರಲಿಲ್ಲ. ಅವ್ವ ಸೀದಾ ತಮ್ಮನ ಅಂಗಡಿಗೆ ಬಂದು ಸೆರಗು ಕಣ್ಣಿಗೆ ಹಚ್ಚಿದಳು.

‘ನನ್ನ ಮಗ ನಿನ್ನ ಡಬ್ಬಿ ಎತ್ತಿ ಎತ್ತಿ ಗೂನಾದ. ಬಯೋಡಾಟಾದಾಗ ಬರೀಲಾಕ ಒಂದು ಸಾಲಿಲ್ಲ. ಹೊರಗಿನವರಿಗೆ ವಿಮಾನ, ಮನೀ ಹುಡುಗಗ ಡಬ್ಬಿ!’

ಮಾಮಾ ಮರುದಿನ ಬಣ್ಣದ ಕಾರ್ಡು ತಿರುವುತ್ತ, ಮುಖ ಎತ್ತದೆ ಹೇಳಿದ. ಈ ಸಲ ಗಿರಾಕಿಗಳಿರಲಿಲ್ಲ.

‘ದಿವಾನಜಿ, ನೀವು ಮುಂದಿನ ವರ್ಷ ಹೋಗೀರಂತ. ಇಂವಾ ಹೋಗಿ ಬರಲಿ. ಲಗ್ನದ ಮಾತೈತಿ.’

‘ಆಗಲಿ ಸಾವ್ಕಾರ್ರ. ಹುಡುಗ ಹೋಗಿ ಬರಲಿ, ವಯಸೈತಿ,’ ಎಂದರು ದಿವಾನಜಿ. ಬೆರಳಿನಿಂದ ಕನ್ನಡಕದ ಗಾಜು ಒರೆಸಿದರು. ಗಾಜು ಇನ್ನಷ್ಟು ಮಸುಕಾಯಿತು.

ನಾನು ಬೇಡ ಎನ್ನಬಹುದಿತ್ತು. ಎನ್ನಬೇಕೆಂದೇ ಬಾಯಿ ತೆರೆದೆ. ಹೊರಬಿದ್ದ ಮಾತು: ‘ಮಾಮಾ, ಕಿಡಕಿ ಬಾಜೂಕಿನ ಸೀಟ ಸಿಗತದೇನು?’

ತತ್ಕಾಲದಲ್ಲಿ ನನ್ನ ಪಾಸ್‌ಪೋರ್ಟೂ ಬಂತು. ನಾನು ಹೊರಡುವ ವಾರ ದಿವಾನಜಿ ರಜೆ ಹಾಕಿದರು. ಹಲಸಿಯಲ್ಲಿರುವ ತಂಗಿಯ ಮನೆಗೆ ಹೋಗುತ್ತಾರೆಂದು ಮಾಮಾ ಹೇಳಿದ. ‘ಆರಾಮ ತಗೋಲಿ ಬಿಡು.’ ನನಗೂ ಹಾಯೆನಿಸಿತು. ಅವರ ಮುಖ ನೋಡದೆಯೇ ವಿಮಾನ ಹತ್ತಬಹುದಲ್ಲ...

ಬ್ಯಾಂಕಾಕಿನಲ್ಲಿ ನಾನು ಮಾಡಿದ ಖರೀದಿಯ ಕತೆ ಕೇಳಿದರೆ ಆ ದೇಶದವರು ನನಗೂ ಒಂದು ಸತ್ಕಾರ ಮಾಡಿಯಾರು. ಅವ್ವನಿಗೆಂದು ಮಾವಿನ ಹಪ್ಪಳ ತಂದೆ. ಮನೆಯಲ್ಲಿ ಪೊಟ್ಟಣ ಬಿಚ್ಚಿದ ಮೇಲೆ ಅದು ಒಣಮೀನಿನ ಹಪ್ಪಳವೆಂದು ತಿಳಿಯಿತು. ಲಿಂಗದ ಪೂಜೆ ಮಾಡದೆ ನೀರು ಮುಟ್ಟದ ನನ್ನವ್ವ ಅಡುಗೆಮನೆಯನ್ನು ಮೂರು ಸಲ ತೊಳೆದಳು. ನಾಲ್ಕನೆಯ ಸಲ ನನ್ನನ್ನು ತೊಳೆದಳು. ಮಾಮಾನಿಗೆ ಆನೆ ಚಿತ್ರದ ಪ್ಯಾಂಟು ತಂದೆ. ಹಾಕಿಕೊಂಡಾಗ ಹೊಟ್ಟೆಯ ಮೇಲಿನ ಆನೆ ಬಸುರಿಯಾದಂತೆ ಕಂಡಿತು.

ದಿವಾನಜಿಯವರಿಗೆ ಮಾತ್ರ ಇಂಥ ತಮಾಷೆ ಬೇಡ, ಮನಸ್ಸಿಗೆ ಹತ್ತುವಂಥದ್ದೇ ಒಯ್ಯಬೇಕು ಎಂದು ಒಂದು ಸಂಜೆಯಿಡೀ ಸಂತೆ ತಿರುಗಿದೆ. ಅವರೇ ಹೇಳಿಕೊಟ್ಟಿದ್ದ ಮಾತು ಆಗ ತಲೆಯಲ್ಲಿರಲಿಲ್ಲ. ಒಂದು ಕಡೆ ಹುಡುಗಿಯೊಬ್ಬಳು ಕವರುಗಳ ಮೇಲೆ ಹೆಸರು ಒತ್ತಿ ಕೊಡುತ್ತಿದ್ದಳು. ನಮ್ಮವರೆಲ್ಲ ಮುಗಿಬಿದ್ದಿದ್ದರು. ಹೆಸರು ಹಾಕಿಸಿದ ಉಡುಗೊರೆಗಿಂತ ದೊಡ್ಡದು ಯಾವುದಿದೆ ಎನಿಸಿತು. ಅಕ್ಷರ ಅಕ್ಷರ ಬಿಡಿಸಿ ಹೇಳಿ, ತಪ್ಪಾಗದಂತೆ ಕಾವಲು ನಿಂತು ಮಾಡಿಸಿದೆ. ಅಷ್ಟು ಹೊತ್ತು ನಿಂತರೂ, ಎಲ್ಲಿಗೂ ಹೋಗದ ಪಾಸ್‌ಪೋರ್ಟಿಗೆ ಇದೇಕೆ ಎಂಬ ಪ್ರಶ್ನೆ ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ.

ಸೋಮವಾರ ದಿವಾನಜಿ ಕೆಲಸಕ್ಕೆ ಮರಳಿದ್ದರು. ಪ್ರವಾಸದ ದಣಿವಿಗೆ ನಾನು ಸಂಜೆಯವರೆಗೆ ಮಲಗಿದ್ದೆ. ಎದ್ದವನಿಗೆ ಹುರುಪು ಬಂತು. ಅವರನ್ನು ಸ್ಟೇಷನ್ನಿನಲ್ಲೇ ಹಿಡಿದು, ಗೆಳೆಯರೆದುರೇ ಕೊಟ್ಟರೆ ಅವರಿಗೂ ಒಂದು ಮಾನ ಎಂದುಕೊಂಡೆ. ಖರೇ ಹೇಳುತ್ತೇನೆ, ಹಾಗೆಯೇ ಅಂದುಕೊಂಡಿದ್ದೆ.

ರೈಲು ನಿಂತಿತ್ತು. ಬೋಗಿಯೊಳಗೆ ದಿವಾನಜಿಯವರ ಸುತ್ತ ಗೆಳೆಯರೆಲ್ಲ ಸೇರಿದ್ದರು. ಒಬ್ಬೊಬ್ಬರ ಕೈಯಲ್ಲೂ ಮುಲಾಮಿನ ಸಣ್ಣ ಡಬ್ಬಿ. ಹಣೆಗೆ, ಸೊಂಟಕ್ಕೆ ತಿಕ್ಕಿಕೊಳ್ಳುತ್ತಿದ್ದರು. ಕರ್ಪೂರದ ಘಾಟು ಕಿಟಕಿಯಾಚೆಗೂ ಬರುತ್ತಿತ್ತು. ‘ಏನ್ ಪವರ್ರೀ ಇದು! ಫಾರಿನ್ ಅಂದ್ರ ಫಾರಿನ್ನ!’ ಎಂದರು ಒಬ್ಬ ಹಿರಿಯರು. ದಿವಾನಜಿ ಎದ್ದು ನಿಂತು, ಏನೋ ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ನಾನು ನುಗ್ಗಿದೆ.

‘ದಿವಾನಜೀ! ಬ್ಯಾಂಕಾಕಿನಿಂದ ನಿಮ್ಮ ಪಾಸ್‌ಪೋರ್ಟಿಗೆ ಹೊಸಾ ಅಂಗಿ ಹೊಲಿಸಿಕೊಂಡು ಬಂದೀನಿ!’

ಕವರ್ ಅವರ ಕೈಗಿಟ್ಟೆ. ಹಿರಿಯರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

‘ನೀವೂ ಹೋಗಿದ್ದಿರೇನು? ಇಬ್ಬರೂ ಕೂಡೇ?’

ನನಗೆ ಎದುರಿಗೆ ನಾಲ್ಕು ಮುಖ ಕಂಡರೆ ಸಾಕು, ನಾಲಗೆ ಕುಣಿಯುತ್ತದೆ. ‘ಎಲ್ಲೀ ಕೂಡ್ರಿ! ಇದ್ದದ್ದ ಒಂದು ತಿಕೀಟು. ಇವರ ಪಾಲಿಂದು ನಾ ನುಂಗಿದೆ. ನಾ ಬ್ಯಾಂಕಾಕು, ಇವರು ಹಲಸಿ! ತಂಗಿ ಮನ್ಯಾಗ ಕುಂತು ಬಿಸಿರೊಟ್ಟಿ ಹೊಡದಾರ. ಖರೇ ಮಜಾ ಇವರದ್ದ!’

ಹೇಳಿ ನಾನೇ ನಕ್ಕೆ. ನನ್ನ ನಗು ಆ ಬೋಗಿಯಲ್ಲಿ ಒಂಟಿಯಾಗಿ ಸ್ವಲ್ಪ ದೂರ ಹೋಗಿ ನಿಂತಿತು. ಹಿರಿಯರು ಕೈಯಲ್ಲಿದ್ದ ಡಬ್ಬಿಯ ಮುಚ್ಚಳ ತಿರುವಿ, ದಿವಾನಜಿಯವರ ಪಕ್ಕದ ಸೀಟಿನ ಮೇಲಿಟ್ಟರು.

‘ಇದು ನಿಮ್ಮ ಕಡೇನ ಇರಲಿ. ಊರಾಗ ಹಾರ ಹಾಕಿಸಿಕೊಂಡವರು... ಇರಲಿ ಬಿಡ್ರಿ.’

ಇನ್ನೊಬ್ಬರೂ ಇಟ್ಟರು. ಮತ್ತೊಬ್ಬರು ತಮ್ಮದನ್ನು ಕಿಸೆಗೆ ಹಾಕಿಕೊಂಡು ಕಿಟಕಿಯಾಚೆ ನೋಡಿದರು. ದಿವಾನಜಿ ಕವರಿನ ಮೇಲಿನ ತಮ್ಮ ಹೆಸರನ್ನು ಓದುತ್ತಿದ್ದರು. ಒಂದು ಹೆಸರು ಓದಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ‘ಛಲೋ ಐತಿ ತಮ್ಮಾ,’ ಎಂದರು. ರೈಲು ಹೊರಟಿತು. ನಾನು ಕೆಳಗೆ ಹಾರಿ, ಅಭ್ಯಾಸಬಲದಿಂದ ಕೈ ಬೀಸಿದೆ. ಅಂಥ ಹೊತ್ತಿನಲ್ಲೂ ನನ್ನ ಕೈಗೆ ಬುದ್ಧಿಯಿರಲಿಲ್ಲ.

ಆಮೇಲೆ ಅವರು ಆ ರೈಲು ಹತ್ತಲಿಲ್ಲ. ಬಸ್ಸಿನಲ್ಲಿ ಖಾನಾಪುರಕ್ಕೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಗುಂಜಿಗೆ. ಮುಂಜಾನೆ ತಡವಾಗುತ್ತಿತ್ತು, ಮಾಮಾ ಗೊಣಗುತ್ತಿದ್ದ. ಕೆಲವು ತಿಂಗಳಲ್ಲಿ, ಕಣ್ಣು ಸರಿಯಾಗಿ ಕಾಣುತ್ತಿಲ್ಲವೆಂದು ಹೇಳಿ ಕೆಲಸ ಬಿಟ್ಟರು. ನನ್ನೊಂದಿಗೆ ಎಂದಿನಂತೆಯೇ ಮಾತಾಡುತ್ತಿದ್ದರು, ಎಂದಿಗಿಂತ ಕಡಿಮೆ. ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಮಾಮಾ ಹೋಗಿ ಬಂದ. ನನಗೆ ಜ್ವರ ಬಂದಿತ್ತು. ಬಂದಿರಲಿಲ್ಲ, ಬಂದಿದೆ ಎಂದಿದ್ದೆ. ಬೈಲಹೊಂಗಲದ ಸಂಬಂಧವೂ ಕೂಡಲಿಲ್ಲ. ಫಾರಿನ್ ನೋಡಿದ್ದಾನೆ ಸರಿ, ಹುಡುಗ ಮಾತು ಜಾಸ್ತಿ ಆಡುತ್ತಾನೆ ಎಂದರಂತೆ. ಜಾಣ ಜನ.

ಸೂಟ್‌ಕೇಸ್ ತೆರೆದ ಮರುದಿನ ಗುಂಜಿಗೆ ಹೋದೆ. ಸ್ಟೇಷನ್ ರಸ್ತೆಯಲ್ಲಿ ಈಗ ಬೇರೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್. ಕಾಕು ಬಾಗಿಲು ತೆರೆದು, ‘ಬರ್ರಿ, ಕುಂದರ್ರಿ’ ಎಂದರು. ಶಿರಾ ಬಡಿಸಿದ ದಿನ ‘ತಮ್ಮಾ’ ಎಂದಿದ್ದವರು ಈಗ ‘ನೀವು’ ಎನ್ನುತ್ತಿದ್ದರು. ಚಹಾ ತಂದಿಟ್ಟರು. ತಪ್ಪಾಯಿತು ಎನ್ನಲು ಬಂದವನು ಮಳೆ, ಬಸ್ಸು, ಮಾಮಾನ ಮೊಣಕಾಲು ಎಂದು ಏನೇನೋ ಆಡಿದೆ. ಕೊನೆಗೆ, ‘ಕಾಕೂ, ಅವತ್ತ ರೈಲಿನ್ಯಾಗ ನಾ...’ ಎಂದೆ.

‘ಗೊತ್ತೈತ್ರಿ,’ ಎಂದರು. ಗೋಡೆ ನೋಡುತ್ತಲೇ ಹೇಳತೊಡಗಿದರು.

‘ವಿಮಾನದ ದಿನ ಊರವರು ಸ್ಟೇಷನ್ನಿಗಿ ಕಳಸಾಕ ಬಂದ್ರು. ಹಲಿಗಿ ಬಾರಿಸ್ಕೋತ ಬಂದ್ರು. ಆ ಸಪ್ಪಳದಾಗ ನಾ ಹೊಂಟಿಲ್ಲ ಅಂತ ಹೆಂಗ ಹೇಳಬೇಕ್ರಿ? ಚೀಲಾ ಹಿಡಕೊಂಡು ರೈಲ ಹತ್ತಿದ್ರು. ಖಾನಾಪುರದಾಗ ಇಳದು ಹಲಸಿ ಬಸ್ ಹಿಡದ್ರು. ಅಲ್ಲಿ ಹೊಸ್ತಿಲಾ ದಾಟಲಿಲ್ಲಂತ, ಗುರುತಿನವರು ಯಾರರ ನೋಡ್ಯಾರು ಅಂತ. ತಿರುಗಿ ಬಂದು ನನಗಂದ್ರು, ಸೋಮವಾರ ಸಂಜೀಕ ರೈಲಿನ್ಯಾಗ ಎಲ್ಲಾರಿಗೂ ಖರೇ ಹೇಳಿಬಿಡತೀನಿ, ಊರಾಗೂ ತಾನ ಗೊತ್ತಾಗತದ. ಸಪ್ಪ ಮಾರಿ ಮಾಡಿ ಹೇಳಿದ್ರ ಕೇಳಿದವರಿಗೂ ಸಂಕಟ. ನಮ್ಮ ಅಂಗಡಿ ಹುಡುಗನಂಗ ನಗಿಸಿ ಹೇಳತೀನಿ ಅಂದ್ರು.’

ನಾನು ಚಹಾದ ಬಸಿಯನ್ನು ಕೆಳಗಿಟ್ಟೆ.

‘ಮದಲ ಮುಲಾಮ ಕೊಡೂದು. ಅವರು ಹಚಗೊಂಡು ಛಲೋ ಐತಿ ಅಂದ ಮ್ಯಾಲ ಹೇಳೂದು, ಬ್ಯಾಂಕಾಕ್ ನಮ್ಮ ಬೆಳಗಾವಿ ಪ್ಯಾಟ್ಯಾಗ ಬಂದು ಕುಂತೈತ್ರೆಪಾ, ವಿಮಾನದ ತ್ರಾಸ ತಪ್ಪಿತು ಅಂತ. ಅವತ್ತ ಮುಂಜಾನಿ ಚಾ ಕುಡಕೋತ ಎರಡು ಸಲ ನನ್ನ ಮುಂದ ಹೇಳಿ ನೋಡಿದ್ರು. ಹೆಂಗೈತಿ ಅಂತ ಕೇಳಿದ್ರು. ನಾ ಹೊಟ್ಟಿ ಹಿಡಕೊಂಡು ನಕ್ಕೆ.’

ಆಮೇಲೆ ನನ್ನ ಕಡೆ ತಿರುಗಿದರು.

‘ಅದಕ್ಕ ನಕ್ಕಾಕಿ ನಾ ಒಬ್ಬಾಕೀನ ನೋಡ್ರಿ.’