ದೊಡ್ಡಮ್ಮ ಅಲ್ಲಾಡಿಸಿ ನೋಡದ ಮನೆ

ಬೆಳಿಗ್ಗೆ ಏಳೂವರೆಗೆ ತುಳಸಿಗೆ ನೀರು ಹಾಕಲು ಹಿತ್ತಲಿಗೆ ಹೋದ ದೊಡ್ಡಮ್ಮ ಸೊಂಟದವರೆಗೆ ನೆಲದೊಳಗೆ ಇಳಿದುಬಿಟ್ಟಿದ್ದಳು. ಒಡೆದ ಟೈಲ್ಸಿನ ಅಂಚು ಹಿಡಿದು ನೇತಾಡುತ್ತಿದ್ದವಳು ನನ್ನನ್ನು ಕಂಡು ಹೇಳಿದಳು: "ಹತ್ರ ಬರ್ಬೇಡ ಕಣೇ. ಸೀರೆ ತಂದು ಎಸಿ. ಹಳೇದು ತಂದೀಯ, ಗಟ್ಟಿದು ತಾ."

ಅಕ್ಕಪಕ್ಕದವರು ಸೇರಿ ಎಳೆದೆವು. ಕೆಳಗೆ ಕಪ್ಪು ನೀರು. ಬಿದಿರಿನ ಗಳ ಇಳಿಬಿಟ್ಟರೂ ತಳ ಸಿಗಲಿಲ್ಲ.

ಶಿಡ್ಲಘಟ್ಟದ ಆ ಮನೆಯಲ್ಲಿ ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದರಂತೆ. ಗೂಡು ಬೇಯಿಸಿದ ನೀರು ಹೋಗುವ ಗುಂಡಿಗೆ ಚಪ್ಪಡಿ ಎಳೆದು, ಮೇಲೆ ಟೈಲ್ಸ್ ಹಾಸಿ ನಮಗೆ ಮಾರಿದ್ದರು.

ಸಾದಲಿಯಿಂದ ನಮ್ಮಲ್ಲಿಗೆ ಬಂದಿದ್ದ, ಅಲ್ಲಿ ರೇಷ್ಮೆಹುಳು ಸಾಕುತ್ತಿದ್ದ ದೊಡ್ಡಮ್ಮ ಯಾವುದನ್ನೂ ಕಿವಿಯ ಹತ್ತಿರ ಅಲ್ಲಾಡಿಸದೆ ನಂಬುತ್ತಿರಲಿಲ್ಲ. ಗೂಡು, ತೆಂಗಿನಕಾಯಿ, ಮೊಟ್ಟೆ, ಎಲ್ಲವೂ ಆ ಕಿವಿಯ ಪರೀಕ್ಷೆಗೆ ಒಳಗಾಗಬೇಕು. ನನ್ನ ಮದುವೆಯಲ್ಲಿ ಉಡುಗೊರೆ ಡಬ್ಬಗಳನ್ನೂ ಅಲ್ಲಾಡಿಸಿ, ಕೊಟ್ಟವರ ಎದುರಿಗೇ "ಇದ್ರಲ್ಲೂ ಗಡಿಯಾರ್ವೇ" ಎಂದಿದ್ದಳು. ಆದರೆ ಈ ಮನೆ ಕೊಳ್ಳುವಾಗ ಅವಳೂ ಬಾಗಿಲು ಪೂರ್ವಕ್ಕಿದೆಯೇ ಎಂದಷ್ಟೇ ನೋಡಿದಳು. ವಕೀಲರು ಪತ್ರ ನೋಡಿದರು. ಬ್ಯಾಂಕಿನವರು ಗೇಟಿನಿಂದ ಫೋಟೋ ತೆಗೆದರು. ನೆಲವನ್ನು ಯಾರೂ ನೋಡಲಿಲ್ಲ.

ಮಾರಿದವನಿಗೆ ಫೋನು ಮಾಡಿದೆ. "ನೀವ್ ಕೇಳ್ಲಿಲ್ಲ ಮೇಡಂ, ನಾವ್ ಹೇಳ್ಲಿಲ್ಲ" ಎಂದ. ಈಗಲೂ ಆ ಮಾತು ನೆನಪಾದರೆ ಮೈ ಉರಿಯುತ್ತದೆ. ನಗರಸಭೆ ಕಚೇರಿಗೆ ಹೋದರೆ, "ಖಾತೆ ಮಾತ್ರ ನಮ್ದಮ್ಮ, ಮನೆ ನೋಡೋದು ನಮ್ ಕೆಲ್ಸ ಅಲ್ಲ" ಎಂದರು ಅಲ್ಲಿನ ಗುಮಾಸ್ತರು.

ಕಾಲಿಗೆ ಪಟ್ಟಿ ಸುತ್ತಿಕೊಂಡೇ ಬಂದಿದ್ದ ದೊಡ್ಡಮ್ಮ ಮೇಜಿನ ಮೇಲೆ ಬಗ್ಗಿದಳು. "ಮಾರ್ಕೆಟ್ಟಲ್ಲಿ ಗೂಡು ಅಲ್ಲಾಡಿಸಿ ನೋಡ್ದೆ ಯಾವನೂ ಬೆಲೆ ಕೂಗಲ್ಲ ಕಣಪ್ಪಾ. ಸ್ಕೂಟರಿನ ಹೊಗೆ ನೋಡೋಕೂ ಜನ ಅವ್ರೆ. ಮಕ್ಳು ಮಲ್ಗೋ ಮನೆ ಮಾರೋಕ್ ಮುಂಚೆ ನೋಡೋಕೆ ಈ ಊರಲ್ಲಿ ಯಾರೂ ಇಲ್ವಾ?"

ಅವರು ಕಂಪ್ಯೂಟರಿನ ಕಡೆ ತಿರುಗಿಕೊಂಡರು.

ನನ್ನ ಗಂಡ ಹೇಳಿದ್ದು ಇನ್ನೂ ಸುಲಭದ ದಾರಿ: "ಮುಚ್ಚಿ ಮಾರ್ಬಿಡಣ. ನಮಗೂ ಹಂಗೇ ತಾನೇ ಮಾರಿದ್ದು?"

ದೊಡ್ಡಮ್ಮ ಪ್ಲಾಸ್ಟಿಕ್ ಕುರ್ಚಿ ಎಳೆದು ಗುಂಡಿಯ ಪಕ್ಕ ಕೂತಳು. "ಬೀಳೋರಿಗೂ ಒಬ್ಳು ದೊಡ್ಡಮ್ಮ ಇರ್ತಾಳೆ ಅಳಿಯಂದ್ರೇ."

ಮಂಡಿಕಲ್ಲಿನಿಂದ ಗಂಡಹೆಂಡತಿ ಮಗು ಎತ್ತಿಕೊಂಡು ಮನೆ ನೋಡಲು ಬಂದರು. ನನ್ನ ಗಂಡ ಅವರಿಗೆ ಅಡುಗೆಮನೆ ತೋರಿಸುತ್ತಿದ್ದರು. ಹಿತ್ತಲಿನಿಂದ ದೊಡ್ಡಮ್ಮ ಕೂಗಿದಳು: "ಮಗೀನ ಕೆಳಕ್ ಬಿಡ್ಬೇಡಮ್ಮ. ಎತ್ಕೊಂಡೇ ಬಂದು ಇದನ್ ನೋಡು." ಅವರು ಕಾಫಿ ಕುಡಿಯದೆ ಹೋದರು. ನನ್ನ ಗಂಡ ಅವಳೊಂದಿಗೆ ಮಾತು ಬಿಟ್ಟರು. ಅವಳು ಕುರ್ಚಿ ಬಿಡಲಿಲ್ಲ. ಕೊನೆಗೆ ಅವರೇ ಟ್ರ್ಯಾಕ್ಟರಿನಲ್ಲಿ ಕಲ್ಲುಮಣ್ಣು ತರಿಸಿ, ನೀರೆತ್ತಿಸಿ, ಗುಂಡಿ ತುಂಬಿಸಿದರು.

ಆ ಸಂಜೆ ದೊಡ್ಡಮ್ಮ ನೋವಿನ ಕಾಲಲ್ಲೇ ಮಣ್ಣನ್ನು ಗುದ್ದಿ ಗುದ್ದಿ ನೋಡಿದಳು. "ಈಗ ಮಾರ್ಕೊಳ್ರಪ್ಪ. ಹೇಳ್ಬಿಟ್ಟು ಮಾರಿ."

ಮರುದಿನ ಅವಳನ್ನು ಸಾದಲಿ ಬಸ್ಸು ಹತ್ತಿಸಿ ಬಂದೆ. ಅವಳನ್ನು ನೋಡಿದ್ದು ಅದೇ ಕೊನೆ. ಆ ಚಳಿಗಾಲ ಅವಳು ತೀರಿಹೋದಳು. ನಮ್ಮ ಬೀದಿಯಲ್ಲಿ ನೂಲು ತೆಗೆಯುತ್ತಿದ್ದ ಇನ್ನೊಂದು ಮನೆ ಹೊಸ ಟೈಲ್ಸ್ ಹೊದ್ದು ಮಾರಾಟಕ್ಕೆ ನಿಂತಿದೆ. ಇವತ್ತಿಗೂ ಅದರ ನೆಲ ನೋಡುವವರಿಲ್ಲ.

ಅವಳು ಬಿದ್ದಂದಿನಿಂದ ನಾನು ರಾತ್ರಿ ಎಚ್ಚರವಾದಾಗಲೆಲ್ಲ ಕಾಲಿನಿಂದ ನೆಲ ತಡವಿ ನೋಡುತ್ತಿದ್ದೆ. ಅವಳನ್ನು ಬಸ್ಸು ಹತ್ತಿಸಿದ ದಿನ ರಾತ್ರಿ ಮಲಗಿದವಳಿಗೆ ಎಚ್ಚರವಾದದ್ದು ಹಾಲಿನವನು ಗೇಟು ಬಡಿದಾಗ. ನೆಲ ತಡವದೆ ಎದ್ದು ಹೋಗಿ ಬಾಗಿಲು ತೆರೆದೆ.