ಗೇಮ್ಸ್ ಟೀಚರ್ ಭುಜ

ರಾಜಾಜಿನಗರದ ಒಂದು ಹುಡುಗಿಯರ ಹೈಸ್ಕೂಲಿನಲ್ಲಿ ಅನಂತಲಕ್ಷ್ಮಿ ಗೇಮ್ಸ್ ಟೀಚರ್. ಮೈದಾನ ಅಂತ ಇದ್ದದ್ದು ಜಲ್ಲಿಕಲ್ಲಿನ ಸಣ್ಣ ಅಂಗಳ. ಅಲ್ಲೇ ಆಕೆ ಥ್ರೋಬಾಲ್ ಟೀಮು ಕಟ್ಟಿದ್ದಳು. ಆಕೆ ಸರ್ವಿಸ್ ಎಸೆದರೆ ಚೆಂಡು ನೆಟ್‌ಗೆ ಇನ್ನೇನು ತಾಗಿತು ಅನ್ನೋ ಹಾಗೆ ಹೋಗಿ ಆಚೆ ಬೀಳುತ್ತಿತ್ತು.

ಎಂಬತ್ತೇಳರಲ್ಲಿ ಒಂದು ಬೆಳಿಗ್ಗೆ ಬಸವೇಶ್ವರನಗರದಿಂದ ಬರುವಾಗ ಬಸ್ಸಿಗೆ ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಹಾಕಿದ. ಜನ ಎಲ್ಲ ಮುಂದಕ್ಕೆ ಬಿದ್ದರು. ಅನಂತಲಕ್ಷ್ಮಿಯ ಬಲಗೈ ಮಾತ್ರ ಮೇಲಿನ ಕಂಬಿ ಹಿಡಿದೇ ಇತ್ತು. ಭುಜದೊಳಗೆ ಏನೋ ಪಟ್ ಅಂತು. ಆವತ್ತಿಂದ ಕೈ ಮೇಲೇಳಲಿಲ್ಲ.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿ ಬೆಳಕಿಗೆ ಹಿಡಿದು, "ಮೂಳೆಗೇನೂ ಆಗಿಲ್ಲಮ್ಮ, ಉಳುಕಿದೆ, ರೆಸ್ಟ್ ತಗೊಳ್ಳಿ" ಅಂದರು. ರೆಸ್ಟ್ ತಗೊಂಡಳು. ಇನ್ನೊಬ್ಬರು, "ಆಡಿಸದೆ ಇಟ್ಟಿದ್ದಕ್ಕೇ ಹಿಡ್ಕೊಂಡಿದೆ, ಚೆನ್ನಾಗಿ ಆಡಿಸಿ" ಅಂದರು. ಆಡಿಸಿದಳು, ನೋವು ಹೆಚ್ಚಾಯಿತು. ಆಮೇಲೆ ಇಂಜೆಕ್ಷನ್ ಆಯಿತು. ಮಲ್ಲತ್ತಹಳ್ಳಿಯಲ್ಲಿ ಉಳುಕಿಗೆ ಕಟ್ಟು ಹಾಕುವ ಬೆಟ್ಟಯ್ಯನ ಹತ್ತಿರವೂ ಹೋದಳು. ಮನೆಯಲ್ಲಿ ಮೊಟ್ಟೆಯ ವಾಸನೆಯನ್ನೇ ಕಂಡಿರದ ಹೆಂಗಸು, ಮೂಗು ಮುಚ್ಚಿಕೊಂಡು ಮೊಟ್ಟೆ ಬಿಳಿಯ ಪಟ್ಟು ಹಾಕಿಸಿಕೊಂಡಳು.

"ನಲವತ್ತು ದಾಟಿದ್ಮೇಲೆ ಎಲ್ಲರಿಗೂ ಹೀಗೇ ಕಣೇ," ಅಂದ ಗಂಡ ಲಕ್ಷ್ಮೀಪತಿ.

"ನಿಮಗೆ ದಾಟಿ ಎಷ್ಟು ವರ್ಷ ಆಯ್ತುರೀ? ಎಲ್ಲಿ, ಕೈ ಎತ್ತಿ ನೋಡೋಣ."

ಆತ ಪೇಪರ್ ಮುಖಕ್ಕೆ ಅಡ್ಡ ಹಿಡಿದುಕೊಂಡ.

ಹೆಡ್‌ಮಿಸ್ ಯಶೋದಮ್ಮ ಕರೆಸಿ ಹೇಳಿದರು: "ಬ್ಯಾಂಡೇಜ್ ಇಲ್ಲ, ಗಾಯ ಇಲ್ಲ. ಎಕ್ಸ್‌ರೇಲೂ ಏನಿಲ್ಲ ಅಂತೀರ. ಕಮಿಟಿಯವರಿಗೆ ನಾನೇನು ಹೇಳಲಿ? ಸದ್ಯ ಹೊಲಿಗೆ ಕ್ಲಾಸ್ ನೋಡ್ಕೊಳ್ಳಿ."

ಹೊಲಿಗೆ ಕ್ಲಾಸಿನ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಹುಡುಗಿಯರು ಮೊಣಕೈ ಕೆಳಗಿಟ್ಟುಕೊಂಡು ಚೆಂಡು ಎಸೆಯುವುದನ್ನು ನೋಡಿ ಅನಂತಲಕ್ಷ್ಮಿ ಹಲ್ಲು ಕಡಿಯುತ್ತಿದ್ದಳು. ಜಡೆ ಹಾಕಿಕೊಳ್ಳಲು ಪಕ್ಕದ ಮನೆಯವರನ್ನು ಕರೆಯಬೇಕಾಗುತ್ತಿತ್ತು.

ಮಾರನೇ ವರ್ಷ ಯಾರೋ ಡಾಕ್ಟರ್ ರೇವಣಸಿದ್ದಪ್ಪನವರ ಹೆಸರು ಹೇಳಿದರು. ಮೂಳೆ ಡಾಕ್ಟರು, ಇನ್ನೂ ಚಿಕ್ಕ ವಯಸ್ಸು. ಅವರು ಆಕೆಯ ಕೈಯನ್ನು ಮೇಲಕ್ಕೆತ್ತಿ ಬಿಟ್ಟರು. ಕೈ ದೊಪ್ಪನೆ ಬಿತ್ತು.

"ಮಾಂಸಖಂಡಾನ ಮೂಳೆಗೆ ಕಟ್ಟಿಡೋ ಪಟ್ಟಿ ಹರಿದಿದೆ ಅನ್ಸುತ್ತೆ. ಅದು ಎಕ್ಸ್‌ರೇಲಿ ಕಾಣಲ್ಲ. ಹೊರದೇಶದಲ್ಲಿ ಸಣ್ಣ ತೂತು ಮಾಡಿ, ಪೆನ್ಸಿಲ್‌ನಂಥ ದುರ್ಬೀನು ತೂರಿಸಿ ಒಳಗೆ ನೋಡ್ತಾರೆ. ಕೆಲವರು ಹಾಗೇ ರಿಪೇರಿನೂ ಶುರು ಮಾಡಿದಾರೆ."

"ಹಾಗೇ ಮಾಡಿ ಡಾಕ್ಟ್ರೇ."

"ನಮ್ಮಲ್ಲಿರೋದು ಮೊಣಕಾಲಿಗೆ. ಭುಜಕ್ಕೆ ಇಲ್ಲಿ ನಾವಿನ್ನೂ ಮಾಡಿಲ್ಲ."

"ಮತ್ತೆ ನನಗ್ಯಾಕೆ ಹೇಳಿದ್ರಿ?" ಆಕೆಗೆ ರೇಗಿಹೋಯಿತು.

ಡಾಕ್ಟರು ಬೇಜಾರು ಮಾಡಿಕೊಳ್ಳಲಿಲ್ಲ. ಮೊಣಕಾಲಿನ ದುರ್ಬೀನನ್ನೇ ಹಾಕಿ ನೋಡಬಹುದು, ಹೊಲಿಯೋದಕ್ಕೆ ಮಾತ್ರ ಕುಯ್ಯಲೇಬೇಕು ಅಂದರು. ಒಪ್ಪಿದಳು. ಮೊದಲ ಸಲ ಕರೆಂಟ್ ಹೋಗಿ ಆಪರೇಷನ್ ನಿಂತಿತು. ಇನ್ನೊಮ್ಮೆ ದುರ್ಬೀನಿನ ಬಲ್ಬೇ ಸುಟ್ಟುಹೋಗಿತ್ತು. ಎರಡು ಸಲವೂ ಹಸಿದ ಹೊಟ್ಟೆಯಲ್ಲಿ ಮನೆಗೆ ಬಂದು ಪಾತ್ರೆ ಎತ್ತಿ ಕುಕ್ಕಿದಳು, ಎಡಗೈಯಲ್ಲಿ.

ಕೊನೆಗೆ ಆಯಿತು. ಎಚ್ಚರವಾದಾಗ ಭುಜದ ಹಿಂದೆ ಸಣ್ಣ ತೂತು, ಮುಂದೆ ಉದ್ದನೆಯ ಹೊಲಿಗೆ. ಹೊಸ ಪದ್ಧತಿ, ಹಳೇ ಪದ್ಧತಿ ಎರಡೂ ಆಕೆಯ ಪಾಲಿಗೇ ಬಂದಿದ್ದವು.

ಡಾಕ್ಟರು ಮೆಲ್ಲಗೆ ಹೇಳಿದರು: "ಪಟ್ಟಿ ತುಂಬಾ ಒಳಗೆ ಸೇದಿಕೊಂಡಿತ್ತು. ಎಳೆದು ಹೊಲಿದಿದೀನಿ, ಪೂರ್ತಿ ಸಿಗಲಿಲ್ಲ. ಸ್ವಲ್ಪ ಮೊದಲೇ ಬಂದಿದ್ರೆ..."

"ಬಂದಿದ್ದೆ ಡಾಕ್ಟ್ರೇ. ಎಲ್ಲರ ಹತ್ರಾನೂ ಬಂದಿದ್ದೆ."

ಡಾಕ್ಟರು ವ್ಯಾಯಾಮದ ಚೀಟಿ ಬರೆದುಕೊಟ್ಟರು.

ತಿಂಗಳುಗಟ್ಟಲೆ ಗೋಡೆಯ ಮೇಲೆ ಬೆರಳುಗಳನ್ನು ಮೇಲಮೇಲಕ್ಕೆ ಹತ್ತಿಸಿ ವ್ಯಾಯಾಮ ಮಾಡಿದಳು. ರಾತ್ರಿ ನಿದ್ದೆ ಕೆಡಿಸುತ್ತಿದ್ದ ನೋವು ಹೋಯಿತು. ಕೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಹೊಲಿಗೆಯ ಗಾಯ ನೋಡಿದ ಮೇಲೆ ಯಶೋದಮ್ಮನವರು ಟೀಮನ್ನು ವಾಪಸ್ ಕೊಟ್ಟರು. ಅದೂ ಆಕೆಗೆ ಸಿಟ್ಟೇ ತಂದಿತು. ಹರಿದದ್ದನ್ನು ನಂಬದವರು ಕುಯ್ದದ್ದನ್ನು ನಂಬಿದ್ದರು.

ಆ ವರ್ಷ ವಿಜಯನಗರದಲ್ಲಿ ಮ್ಯಾಚು. ಹುಡುಗಿಯರು ಸೋಲುತ್ತಿದ್ದರು. ಅನಂತಲಕ್ಷ್ಮಿ ಟೈಮ್‌ಔಟ್ ಕೇಳಲು ಅಭ್ಯಾಸಬಲದಿಂದ ಬಲಗೈ ಎತ್ತಿದಳು. ಅರ್ಧಕ್ಕೆ ನಿಂತ ಆ ಕೈ ಅಂಪೈರ್ ಕಣ್ಣಿಗೆ ಬೀಳಲಿಲ್ಲ. ಎರಡು ಪಾಯಿಂಟ್ ಹೋದವು. ಆಕೆ ಸೀದಾ ಗೆರೆಯ ಹತ್ತಿರ ಹೋದಳು.

"ನನ್ನ ಕೈ ಇಷ್ಟೇ ಸಾರ್ ಏಳೋದು. ನೀವೇ ಸ್ವಲ್ಪ ನೋಡ್ಕೋಬೇಕು."

ಅಂಪೈರ್ ತಬ್ಬಿಬ್ಬಾಗಿ ಸೀಟಿ ಊದಿದ. ಆದರೂ ಮ್ಯಾಚು ಸೋತರು. ಬಸ್ ಸ್ಟಾಪಿನವರೆಗೂ ಆಕೆ ಹುಡುಗಿಯರಿಗೆ ಸರ್ವಿಸ್ ಬಗ್ಗೆ ಬೈಯುತ್ತಲೇ ನಡೆದಳು, ಎಡಗೈಯಲ್ಲಿ ಒಬ್ಬೊಬ್ಬರ ಮೊಣಕೈಯನ್ನೂ ಮೇಲಕ್ಕೆ ತಳ್ಳುತ್ತಾ.